ಹಳೆಯದು ಯಾವುದು, ವಿಂಡೋಸೋ ಪ್ರೋಗ್ರಾಮೋ?

ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತೆರೆಯುತ್ತಿಲ್ಲ ಎಂದು ಬಾಯಿಬಿಟ್ಟರೆ ಸಾಕು, ಸುತ್ತಮುತ್ತಲಿನವರೆಲ್ಲ ವೈದ್ಯರಾಗಿಬಿಡುತ್ತಾರೆ. ‘ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ನೋಡಿ’, ‘ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ’, ‘ಆ ಡಿಎಲ್‌ಎಲ್ ಎಲ್ಲಿಂದಲಾದರೂ ಇಳಿಸಿಕೊಂಡು ಸಿಸ್ಟಂ32 ಫೋಲ್ಡರಿಗೆ ಹಾಕಿ’, ‘ವಿಂಡೋಸನ್ನೇ ಹೊಸದಾಗಿ ಹಾಕಿಸಿ’. ಕೊನೆಗೆ, ಎಲ್ಲರೂ ಕಾದುಕೊಂಡಿದ್ದ ಮಾತು: ‘ಎಷ್ಟು ದಿನ ಇದನ್ನೇ ಇಟ್ಟುಕೊಳ್ಳುತ್ತೀರಿ, ಹೊಸದು ತೆಗೆದುಕೊಳ್ಳಿ.’ ರೋಗ ಏನೆಂದು ಕೇಳುವವರು ಮಾತ್ರ ಸಿಗುವುದಿಲ್ಲ.

ಈ ಸಲಹೆಗಳೆಲ್ಲ ತಪ್ಪು ಎಂದು ನಾನು ಹೇಳುವುದಿಲ್ಲ. ಒಂದೊಂದಕ್ಕೂ ಅದರದೇ ಸಂದರ್ಭವಿದೆ (ಡಿಎಲ್‌ಎಲ್ ಎಂಬ, ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಹಾಯಕ ಕಡತದ ಸಲಹೆಯೊಂದನ್ನು ಬಿಟ್ಟು, ಅದಕ್ಕೆ ಯಾವ ಸಂದರ್ಭವೂ ಇಲ್ಲ). ನನ್ನ ತಕರಾರು ಇಷ್ಟೇ: ಇಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಎರಡು ತೊಂದರೆಗಳಿವೆ, ಎರಡಕ್ಕೂ ಎಲ್ಲರೂ ಒಂದೇ ಮದ್ದು ಬರೆಯುತ್ತಾರೆ. ಹಳೆಯ ಪ್ರೋಗ್ರಾಂ ಅದಕ್ಕಿಂತ ಹೊಸ ವಿಂಡೋಸಿನಲ್ಲಿ ತೆರೆಯದಿರುವುದು ಒಂದು. ಹೊಸ ಪ್ರೋಗ್ರಾಂ ಅದಕ್ಕಿಂತ ಹಳೆಯ ವಿಂಡೋಸಿನಲ್ಲಿ ತೆರೆಯದಿರುವುದು ಇನ್ನೊಂದು. ಮೌಸ್ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಎರಡರಲ್ಲಿ ಹಳೆಯದು ಯಾವುದು?

ಕಂಪ್ಯಾಟಿಬಿಲಿಟಿ ಮೋಡ್ ಇರುವುದು ಮೊದಲನೆಯ ತೊಂದರೆಗೆ ಮಾತ್ರ. ಅದು ಮಾಡುವ ಕೆಲಸವನ್ನು ನೇರವಾಗಿ ಹೇಳುವುದಾದರೆ ಸುಳ್ಳು ಹೇಳುವುದು. ಪ್ರೋಗ್ರಾಮಿಗೂ ವಿಂಡೋಸಿಗೂ ನಡುವೆ ಶಿಮ್ ಎಂಬ ತೆಳುವಾದ ಪದರವೊಂದು ನಿಲ್ಲುತ್ತದೆ. ‘ಇದು ಯಾವ ವಿಂಡೋಸ್?’ ಎಂದು ಪ್ರೋಗ್ರಾಂ ಕೇಳಿದರೆ, ನೀವು ಆರಿಸಿದ ಹಳೆಯ ಆವೃತ್ತಿಯ ಹೆಸರು ಹೇಳಿ, ಉದಾಹರಣೆಗೆ ‘ಎಕ್ಸ್‌ಪಿ’ ಎಂದು ಉತ್ತರ ಕೊಡುತ್ತದೆ. ಹಳೆಯ ಪ್ರೋಗ್ರಾಮುಗಳಲ್ಲಿ ಎಷ್ಟೋ ಬೇರಾವ ಕಾರಣಕ್ಕೂ ಅಲ್ಲ, ಈ ಆವೃತ್ತಿ ಸಂಖ್ಯೆಯನ್ನು ತಪ್ಪಾಗಿ ಪರೀಕ್ಷಿಸಿಯೇ ಮುಗ್ಗರಿಸುತ್ತವೆ. ಮೈಕ್ರೋಸಾಫ್ಟಿಗೂ ಇದು ಚೆನ್ನಾಗಿ ಗೊತ್ತು. ವಿಂಡೋಸ್ 7ರ ಒಳಗಿನ ಸಂಖ್ಯೆ 7 ಅಲ್ಲ, 6.1, ಅದಕ್ಕೆ ಮುಂಚಿನ ವಿಸ್ಟಾದ್ದು 6.0. ಮುಖ್ಯ ಸಂಖ್ಯೆ ಬದಲಾದರೆ ಪ್ರೋಗ್ರಾಮುಗಳು ಗಾಬರಿಯಾಗುತ್ತವೆ ಎಂಬ ಭಯಕ್ಕೆ ಹಾಗೆ ಇಟ್ಟರು. ವಿಂಡೋಸ್ 11 ಇಂದಿಗೂ ಒಳಗೊಳಗೆ ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ.

ಈ ವಿಷಯದಲ್ಲಿ ಮೈಕ್ರೋಸಾಫ್ಟನ್ನು ಮೆಚ್ಚಲೇಬೇಕು. ವಿಂಡೋಸ್ 95 ತಯಾರಾಗುತ್ತಿದ್ದಾಗ ಸಿಮ್‌ಸಿಟಿ ಆಟ ಅದರಲ್ಲಿ ಕುಸಿಯುತ್ತಿತ್ತಂತೆ. ಬಳಸಿ ಹಿಂದಿರುಗಿಸಿದ ಮೆಮೊರಿಯನ್ನೇ ಆಟ ಮತ್ತೆ ಓದುತ್ತಿತ್ತು, ತಪ್ಪು ಆಟದ್ದೇ. ಆದರೂ ವಿಂಡೋಸಿನವರು ಸಿಮ್‌ಸಿಟಿ ತೆರೆದಿದೆಯೇ ಎಂದು ನೋಡಿ, ತೆರೆದಿದ್ದರೆ ಮೆಮೊರಿಯನ್ನು ಕೂಡಲೇ ಬಿಡುಗಡೆ ಮಾಡದ ವಿಶೇಷ ವ್ಯವಸ್ಥೆಯನ್ನೇ ಸೇರಿಸಿದರು ಎಂಬುದು ಈ ಕಸುಬಿನವರ ನಡುವೆ ಪ್ರಸಿದ್ಧವಾದ ಕಥೆ. ಇನ್ನೊಬ್ಬರು ಮಾಡಿದ ತಪ್ಪನ್ನು ತಾನು ಹೊತ್ತುಕೊಳ್ಳುವ ಈ ಬುದ್ಧಿ ಇಲ್ಲದಿದ್ದರೆ ನಮ್ಮ ಹಳೆಯ ಪ್ರೋಗ್ರಾಮುಗಳಲ್ಲಿ ಅರ್ಧದಷ್ಟು ಎಂದೋ ಸತ್ತಿರುತ್ತಿದ್ದವು.

ಆದರೆ ಈ ಸುಳ್ಳಿಗೂ ಮಿತಿಯಿದೆ. ಡ್ರೈವರುಗಳ, ಅಂದರೆ ಸ್ಕ್ಯಾನರಿನಂಥ ಉಪಕರಣವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶಗಳ, ಮುಂದೆ ಅದು ನಡೆಯುವುದಿಲ್ಲ. (16, 32, 64 ಬಿಟ್ ಎಂಬುದು ಪ್ರೊಸೆಸರ್ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ.) 32 ಬಿಟ್ ಡ್ರೈವರನ್ನು 64 ಬಿಟ್ ವಿಂಡೋಸಿನ ತಲೆಗೆ ಕಟ್ಟಲು ಯಾವ ಮೋಡ್‌ನಿಂದಲೂ ಆಗದು. ಗಟ್ಟಿಮುಟ್ಟಾಗಿರುವ ಸ್ಕ್ಯಾನರ್ ಮೂಲೆ ಸೇರುವುದು ಹೆಚ್ಚಾಗಿ ಇದರಿಂದಲೇ. ಹಾಗೆಯೇ 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಮುಟ್ಟುವುದೂ ಇಲ್ಲ. ಇಲ್ಲೊಂದು ತಮಾಷೆಯಿದೆ. 1990ರ ದಶಕದ ಕೊನೆಯ ಎಷ್ಟೋ ಸಿಡಿಗಳಲ್ಲಿ ಪ್ರೋಗ್ರಾಂ 32 ಬಿಟ್‌ನದೇ. ಅದನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಕಡತ ಮಾತ್ರ 16 ಬಿಟ್‌ನದು. ಮನೆ ಚೆನ್ನಾಗಿದೆ, ಬಾಗಿಲು ತೆರೆಯುವುದಿಲ್ಲ. ಹಳೆಯ 32 ಬಿಟ್ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿ ಆ ಫೋಲ್ಡರನ್ನು ಹೊತ್ತು ತಂದರೆ ಕೆಲವು ಪ್ರೋಗ್ರಾಮುಗಳು ಹಾಗೆಯೇ ತೆರೆದುಕೊಳ್ಳುತ್ತವೆ. ‘ಬಿಸಾಡಿ’ ಎಂದವರಿಗೆ ಇದನ್ನು ಹೇಳಬೇಕು: ಇಂಥ ಕೆಲಸಕ್ಕೆ ಆ ಹಳೆಯ 32 ಬಿಟ್ ಯಂತ್ರವೇ ಹೊಸದಕ್ಕಿಂತ ಸಮರ್ಥವಾದದ್ದು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

‘ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ’ (ಅಂದರೆ ಪ್ರೋಗ್ರಾಮಿಗೆ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರ ಕೊಟ್ಟು) ಎಂಬ ಸಲಹೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರಿಂದ ಜನರ ಜೀವ ಬಾಯಿಗೆ ಬರುವುದನ್ನು ನೋಡಿದ್ದೇನೆ. ಎಕ್ಸ್‌ಪಿ ಕಾಲದ ಲೆಕ್ಕಪತ್ರದ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಅದು ತನ್ನ ಲೆಕ್ಕದ ಕಡತವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೇ ಬರೆದಿಡುತ್ತಿತ್ತು. ವಿಸ್ಟಾದಿಂದ ಈಚೆಗೆ ಸಾಮಾನ್ಯ ಪ್ರೋಗ್ರಾಮುಗಳು ಅಲ್ಲಿ ಬರೆಯುವಂತಿಲ್ಲ. ಹಾಗೆಂದು ವಿಂಡೋಸ್ ಒರಟಾಗಿ ತಡೆಯುವುದೂ ಇಲ್ಲ. ‘ಬರೆದೆ’ ಎಂದು ಪ್ರೋಗ್ರಾಮಿಗೆ ನಂಬಿಸಿ, ಆ ಕಡತವನ್ನು ಬಳಕೆದಾರರ ಸ್ವಂತ ಫೋಲ್ಡರಿನೊಳಗೆ, ಆಪ್‌ಡೇಟಾದ ಒಳಗಿನ ಲೋಕಲ್ ಎಂಬಲ್ಲಿ ವರ್ಚುಯಲ್‌ಸ್ಟೋರ್ ಎಂಬ ಜಾಗದಲ್ಲಿ ಬಚ್ಚಿಡುತ್ತದೆ. ಮುಂದಿನ ಸಲ ಪ್ರೋಗ್ರಾಂ ಕೇಳಿದಾಗ ಅಲ್ಲಿಂದಲೇ ತೆಗೆದುಕೊಡುತ್ತದೆ. ವರ್ಷಗಟ್ಟಲೆ ಹೀಗೆಯೇ ಸುಖವಾಗಿ ನಡೆಯಬಹುದು.

ಒಂದು ದಿನ ಮುದ್ರಣದಲ್ಲಿ ಏನೋ ತೊಡಕು ಬರುತ್ತದೆ. ಬಲ್ಲವರೊಬ್ಬರು ಅಡ್ಮಿನಿಸ್ಟ್ರೇಟರ್ ಗುರುತು ಹಾಕಿಕೊಡುತ್ತಾರೆ. ಆ ಅಧಿಕಾರದಲ್ಲಿ ತೆರೆದ ಪ್ರೋಗ್ರಾಮಿಗೆ ಈ ಬಚ್ಚಿಡುವ ಏರ್ಪಾಡು ಅನ್ವಯಿಸುವುದಿಲ್ಲ. ಅದು ನೇರವಾಗಿ ಪ್ರೋಗ್ರಾಂ ಫೈಲ್ಸ್‌ನ ಮೂಲ ಕಡತವನ್ನೇ ತೆರೆಯುತ್ತದೆ. ಅಲ್ಲಿರುವುದು ಇನ್‌ಸ್ಟಾಲ್ ಮಾಡಿದ ದಿನದ ಖಾಲಿ ಕಡತ. ಪರದೆಯ ಮೇಲೆ ಒಂದೂ ನಮೂದು ಇಲ್ಲ! ಯಾವುದೂ ಅಳಿಸಿಹೋಗಿಲ್ಲ, ವರ್ಚುಯಲ್‌ಸ್ಟೋರ್‌ನಲ್ಲಿ ಎಲ್ಲವೂ ಭದ್ರವಾಗಿದೆ. ಆದರೆ ಅದು ಗೊತ್ತಿಲ್ಲದವರು ಅಷ್ಟರಲ್ಲಿ ವಿಂಡೋಸನ್ನೇ ಹೊಸದಾಗಿ ಹಾಕಿಸಿ, ನಿಜವಾಗಿಯೂ ಕಳೆದುಕೊಂಡಿರುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆ ಖಾತೆಗಳಿಂದ ಕೆಲಸ ಮಾಡಿ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದಿರುವುದಕ್ಕೂ ಇದೇ ಕಾರಣ. ಇಂಥ ಹಳೆಯ ಪ್ರೋಗ್ರಾಮನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವಿನಲ್ಲಿಯೇ ಅದರ ಹೆಸರಿನ ಒಂದು ಪ್ರತ್ಯೇಕ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿದರೆ ಸಾಮಾನ್ಯವಾಗಿ ಈ ರಗಳೆಯೇ ಇರುವುದಿಲ್ಲ.

ಬಳಕೆದಾರರ ಫೋಲ್ಡರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ಖಾತೆಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟವರು ನಮ್ಮಲ್ಲಿದ್ದಾರೆ, ಅವರ ಅಭಿಮಾನಕ್ಕೆ ನನ್ನ ನಮಸ್ಕಾರ. ಆದರೆ ಎಲ್ಲ ಲಿಪಿಗಳ ಅಕ್ಷರಗಳನ್ನೂ ಕಂಪ್ಯೂಟರಿಗೆ ತಿಳಿಸುವ ಯೂನಿಕೋಡ್ ಎಂಬ ವ್ಯವಸ್ಥೆ ತಿಳಿಯದ ಹಳೆಯ ಪ್ರೋಗ್ರಾಮುಗಳಿಗೆ ಆ ಅಕ್ಷರಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಫೋಲ್ಡರಿನ ದಾರಿಯೇ ಸಿಗದೆ ಅವು ಮೌನವಾಗಿ ಮುಚ್ಚಿಕೊಳ್ಳುತ್ತವೆ. ಖಾತೆಯ ಹೆಸರು ಬದಲಿಸಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಖಾತೆಯನ್ನೇ ತೆರೆಯಬೇಕು.

ಈಗ ಇನ್ನೊಂದು ದಿಕ್ಕು: ಹೊಸ ಪ್ರೋಗ್ರಾಂ, ಹಳೆಯ ವಿಂಡೋಸ್. ಇಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ಕೂರುವುದು ಶುದ್ಧ ಕಾಲಹರಣ. ಹೊಸ ಪ್ರೋಗ್ರಾಂ ಕೇಳುವ ಸೌಲಭ್ಯ ಹಳೆಯ ವಿಂಡೋಸಿನಲ್ಲಿ ಹುಟ್ಟಿಯೇ ಇಲ್ಲ; ಇಲ್ಲದ್ದನ್ನು ಸುಳ್ಳು ಹೇಳಿ ತರಲಾಗದು. ‘ಪ್ರೊಸೀಜರ್ ಎಂಟ್ರಿ ಪಾಯಿಂಟ್’ ಸಿಗಲಿಲ್ಲ ಎಂಬ ಸಂದೇಶದ ಕೊನೆಯಲ್ಲಿ ವಿಂಡೋಸಿನದೇ ಮೂಲ ಕಡತವಾದ ಕರ್ನಲ್32 ಎಂಬ ಹೆಸರು ಕಂಡಿತೋ, ಅಲ್ಲಿಗೆ ಹುಡುಕಾಟ ನಿಲ್ಲಿಸಿ. ಆ ಪ್ರೋಗ್ರಾಮಿನ ಹಳೆಯ ಆವೃತ್ತಿಯೊಂದೇ ದಾರಿ. ಕ್ರೋಮ್ ವಿಂಡೋಸ್ 7ಕ್ಕೆ ಬಂದದ್ದು 109ನೆಯ ಆವೃತ್ತಿಯವರೆಗೆ, ಎಕ್ಸ್‌ಪಿಗೆ 49ರವರೆಗೆ. ಫೈರ್‌ಫಾಕ್ಸ್‌ನವರು ಹೆಚ್ಚು ಉದಾರಿಗಳು. 115ರ ದೀರ್ಘಾವಧಿ ಆವೃತ್ತಿಯನ್ನು ವಿಂಡೋಸ್ 7ಕ್ಕಾಗಿ ಮತ್ತೆ ಮತ್ತೆ ವಿಸ್ತರಿಸಿದರು.

ಎಲ್ಲ ಸಂದೇಶವೂ ಅಷ್ಟು ಕಠೋರವಲ್ಲ. ವಿಸಿರನ್‌ಟೈಮ್140 ಎಂಬ ಡಿಎಲ್‌ಎಲ್ ಇಲ್ಲ ಎಂದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿದರೆ ಮುಗಿಯಿತು. ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಉದ್ದನೆಯ ಹೆಸರು ಕಂಡರೆ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1ರ ಮೇಲೆ ಕೆಬಿ2999226 ಎಂಬ ಅಪ್‌ಡೇಟ್ ಬೇಕು. ಈ ಹಂತದಲ್ಲಿಯೇ ನಮ್ಮ ಸಲಹೆಗಾರರು ಡಿಎಲ್‌ಎಲ್ ಹಂಚುವ ಯಾವುದೋ ಜಾಲತಾಣಕ್ಕೆ ದಾರಿ ತೋರಿಸುವುದು. ಯಾರು ತಿದ್ದಿದ್ದಾರೋ ತಿಳಿಯದ ಕಡತವನ್ನು ತಂದು ವಿಂಡೋಸಿನ ಹೃದಯದೊಳಗೆ ಇಡುವುದು ಎಂಥ ಧೈರ್ಯ! ಕಡತ ಸಾಚಾ ಆಗಿದ್ದರೂ ಮುಂದೆ ಇನ್ನೊಂದು ಗುಂಡಿಯಿದೆ. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಂ32 ಫೋಲ್ಡರಿನಲ್ಲಿರುವುದು 64 ಬಿಟ್ ಕಡತಗಳು. 32 ಬಿಟ್ ಕಡತಗಳಿರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. ಹೌದು, ಸರಿಯಾಗಿಯೇ ಓದಿದಿರಿ, ಹೆಸರುಗಳು ಅದಲುಬದಲು. ಹೆಸರು ನಂಬಿ 32 ಬಿಟ್ ಡಿಎಲ್‌ಎಲ್ ಅನ್ನು ಸಿಸ್ಟಂ32ಕ್ಕೆ ಹಾಕಿದರೆ, ಮೊದಲಿನ ದೂರಿನ ಜಾಗದಲ್ಲಿ 7ಬಿ ಎಂದು ಕೊನೆಯಾಗುವ ಹೊಸ ದೋಷಸಂಖ್ಯೆ ಬರಬಹುದು. 32 ಮತ್ತು 64 ಬಿಟ್‌ಗಳು ಕಲಸಿಹೋದಾಗ ಸಾಮಾನ್ಯವಾಗಿ ಬರುವ ಸಂಖ್ಯೆ ಅದು.

ಜನ ಈ ದೋಷಸಂಖ್ಯೆಗಳನ್ನು ಓದದೆ ಮುಚ್ಚಿಬಿಡುವುದು ನನಗೆ ಅರ್ಥವಾಗದ ಸಂಗತಿ. ರಿಲಯಬಿಲಿಟಿ ಮಾನಿಟರ್ ಎಂಬ ಪುಟ ವಿಸ್ಟಾ ಕಾಲದಿಂದಲೂ ವಿಂಡೋಸಿನಲ್ಲಿದೆ. ಯಾವ ದಿನ ಯಾವ ಪ್ರೋಗ್ರಾಂ ಯಾವ ಸಂಖ್ಯೆಯೊಂದಿಗೆ ಬಿದ್ದಿತು ಎಂಬುದನ್ನು ದಿನಚರಿಯ ಹಾಗೆ ಬರೆದಿಟ್ಟಿರುತ್ತದೆ. 135 ಎಂದು ಕೊನೆಯಾದರೆ ಬೇಕಾದ ಕಡತ ಸಿಕ್ಕಿಲ್ಲ. 1ಡಿ ಎಂದು ಕೊನೆಯಾದರೆ, ಬಹುತೇಕ ಸಲ, ಪ್ರೋಗ್ರಾಂ ಕೊಟ್ಟ ಆದೇಶ ಆ ಹಳೆಯ ಪ್ರೊಸೆಸರಿಗೆ ತಿಳಿಯದು. ವಿಂಡೋಸನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಸಂಖ್ಯೆಯೂ ಇಲ್ಲ, ಸಂದೇಶವೂ ಇಲ್ಲ ಎಂದಾದರೆ ಮೈಕ್ರೋಸಾಫ್ಟಿನದೇ ಆದ ಪ್ರೋಸೆಸ್ ಮಾನಿಟರ್ ಇದೆ. ಪ್ರೋಗ್ರಾಂ ಮುಟ್ಟುವ ಒಂದೊಂದು ಕಡತವನ್ನೂ ಅದು ಸಾಲು ಸಾಲಾಗಿ ತೋರಿಸುತ್ತದೆ. ಹೀಗೆ ನೋಡುವಾಗ ಒಂದು ಹಳೆಯ ನಿಘಂಟಿನ ಪ್ರೋಗ್ರಾಂ ಮುಚ್ಚಿಕೊಳ್ಳುವ ಮೊದಲು ಡಿ ಡ್ರೈವಿನಲ್ಲಿ ಒಂದೇ ಕಡತವನ್ನು ಪದೇ ಪದೇ ತಡಕಾಡುವುದು ಕಂಡಿತು. ಅದು ಹುಟ್ಟಿದ ಕಾಲದಲ್ಲಿ ಡಿ ಎಂದರೆ ಸಿಡಿ ಡ್ರೈವ್. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವಿನ ಅಕ್ಷರ ಬದಲಿಸಿದ್ದೇ ತಡ, ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಕಂಪ್ಯಾಟಿಬಿಲಿಟಿ ಪಟ್ಟಿಯಲ್ಲಿರುವ ಅಷ್ಟೂ ವಿಂಡೋಸ್ ಹೆಸರುಗಳನ್ನು ಒಂದೊಂದಾಗಿ ಆರಿಸಿದ್ದರೂ ಇದು ಸಿಗುತ್ತಿರಲಿಲ್ಲ.

ಇವೆರಡೂ ಅಲ್ಲದ ಮೂರನೆಯ ಬಗೆಯೊಂದಿದೆ. ಪ್ರೋಗ್ರಾಂ ಬದಲಾಗಿಲ್ಲ, ವಿಂಡೋಸೂ ಬದಲಾಗಿಲ್ಲ, ನಿನ್ನೆ ತೆರೆದದ್ದು ಇಂದು ತೆರೆಯುತ್ತಿಲ್ಲ. ಬದಲಾದದ್ದು ಹೊರಗಿನ ಜಗತ್ತು. 2021ರ ಸೆಪ್ಟೆಂಬರ್ 30ರಂದು, ಜಾಲತಾಣಗಳಿಗೆ ಅವುಗಳ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು; ಹೊಸದನ್ನು ಪಡೆಯದಿದ್ದ ಹಳೆಯ ಯಂತ್ರಗಳಿಗೆ ಎಷ್ಟೋ ಜಾಲತಾಣಗಳು ರಾತ್ರೋರಾತ್ರಿ ‘ಅಸುರಕ್ಷಿತ’ವಾದವು. 2019ರಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟುಗಳಿಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಡಿಜಿಟಲ್ ಸಹಿ ಮಾತ್ರ ಹಾಕತೊಡಗಿದ ಮೇಲೆ, ಕೆಬಿ4490628 ಮತ್ತು ಕೆಬಿ4474419 ಎಂಬ ಅಪ್‌ಡೇಟುಗಳಿಲ್ಲದ ವಿಂಡೋಸ್ 7 ಮುಂದಿನ ಅಪ್‌ಡೇಟುಗಳ ಸಹಿಯನ್ನೇ ಗುರುತಿಸದಾಯಿತು. ಇವುಗಳಿಗಿಂತ ಸಾಮಾನ್ಯವಾದ ಕಾರಣವಂತೂ ನಗು ಬರಿಸುವಂಥದ್ದು: ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತು, ಸ್ವಿಚ್ ಹಾಕಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟದ ಕಾಲದಲ್ಲಿ ಕಂಪ್ಯೂಟರ್ ಕುಳಿತಿರುತ್ತದೆ. ಪರದೆಯ ಬಲಮೂಲೆಯ ಗಡಿಯಾರವನ್ನು ನೋಡದೆ ಬ್ರೌಸರನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರು ಎಷ್ಟು ಮಂದಿ!

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹಳೆಯದೆಲ್ಲವನ್ನೂ ಎಂದೆಂದಿಗೂ ಬಳಸಿ ಎನ್ನುತ್ತಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಎಕ್ಸ್‌ಪಿ ಯಂತ್ರ ಇಂಟರ್ನೆಟ್ ಕೇಬಲ್ ಕಿತ್ತು ಸ್ಕ್ಯಾನರಿಗೋ ಯಾವುದೋ ಪ್ರಯೋಗಾಲಯದ ಉಪಕರಣಕ್ಕೋ ಮೀಸಲಾಗಿದ್ದರೆ ನನ್ನ ಅಭ್ಯಂತರವಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತೇನೆ ಎಂದರೆ ಜಗಳವಾಡುತ್ತೇನೆ. ಬೇಕಾಗಿರುವುದು ಒಂದೇ ಹಳೆಯ ಪ್ರೋಗ್ರಾಂ ಆದರೆ, ಹೊಸ ಕಂಪ್ಯೂಟರಿನೊಳಗೆ ವರ್ಚುಯಲ್‌ಬಾಕ್ಸ್‌ನಂಥ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ತಂತ್ರಾಂಶದಲ್ಲಿ ಹಳೆಯ ವಿಂಡೋಸನ್ನು ಕೂಡಿಹಾಕಿ ಓಡಿಸುವುದು ಸುಖ.

ನನಗೆ ನಿಜವಾಗಿ ಸಿಟ್ಟು ಬರುವುದು ಕೆಲವು ತಂತ್ರಾಂಶ ತಯಾರಕರ ಮೇಲೆ. ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗುತ್ತದೆ, ಆದ ಮೇಲೆ ‘ಈ ವಿಂಡೋಸಿನಲ್ಲಿ ನಾನು ತೆರೆಯುವುದಿಲ್ಲ’ ಎನ್ನುತ್ತದೆ. ಅಪ್‌ಡೇಟ್ ಆಗುವ ಮೊದಲು ಅದನ್ನು ನೋಡಿಕೊಳ್ಳಲು ಏನು ಕಷ್ಟವಿತ್ತು? ಅವರು ಕೊಡುವ ಪುಟ್ಟ ಇನ್‌ಸ್ಟಾಲರ್ ಪ್ರತಿಸಲ ಇಂಟರ್ನೆಟ್‌ನಿಂದ ಹೊಚ್ಚಹೊಸ ಆವೃತ್ತಿಯನ್ನೇ ಎಳೆದು ತರುವುದರಿಂದ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿರುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಮುಗಳ ಪೂರ್ಣ ಆಫ್‌ಲೈನ್ ಇನ್‌ಸ್ಟಾಲರ್‌ಗಳನ್ನು, ಡ್ರೈವರುಗಳನ್ನು, ಲೈಸೆನ್ಸ್ ಸಂಖ್ಯೆಗಳನ್ನು ಇವತ್ತೇ ಒಂದು ಪೆನ್‌ಡ್ರೈವಿಗೆ ತುಂಬಿಕೊಳ್ಳಿ. ತಯಾರಕರ ತಾಣದಲ್ಲಿ ಹಳೆಯ ಆವೃತ್ತಿಗಳ ಪುಟ ಇನ್ನೂ ಇದ್ದರೆ ಅದು ನಾಳೆಯೂ ಇರುತ್ತದೆಂದು ನಂಬಿಕೊಂಡಿರಬೇಡಿ. ಆಮೇಲೆ ಆ ಪ್ರೋಗ್ರಾಮುಗಳಲ್ಲಿ ಸ್ವಯಂ ಅಪ್‌ಡೇಟ್ ನಿಲ್ಲಿಸಿ. ಬ್ರೌಸರನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ಅಪ್‌ಡೇಟ್ ಬರುವಷ್ಟು ದಿನವೂ ಬರಲಿ.