ಸ್ಟುಡಿಯೋದವರ ಹೆಸರಿದೆ, ಕೂತವರದಿಲ್ಲ

ನಾನಿರುವ ಪೆನ್ಸಿಲ್ವೇನಿಯಾದ ಊರಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲೊಂದು ಡಬ್ಬಿಯ ತುಂಬ ಹಳೇ ಫೋಟೋಗಳು. ಯಾವುದಕ್ಕಾದರೂ ಎರಡು ಡಾಲರ್. ಹೋದ ವಾರ ಒಬ್ಬ ಹೆಂಗಸಿನ ಫೋಟೋ ತಂದೆ.

ವಿಸಿಟಿಂಗ್ ಕಾರ್ಡಿನ ಅಳತೆಯ ರಟ್ಟು. ಅದಕ್ಕೆ ಅಂಟಿಸಿದ, ಮೊಟ್ಟೆಯ ಬಿಳಿ ಬಳಿದು ತಯಾರಿಸಿದ ತೆಳು ಕಾಗದದ ಚಿತ್ರ. ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೆರಿ 1854ರಲ್ಲಿ ಪೇಟೆಂಟ್ ಪಡೆದ ಬಗೆ ಇದು. ಒಂದೇ ಗಾಜಿನ ಪ್ಲೇಟಿನಲ್ಲಿ ಹಲವು ಚಿತ್ರ ಬರುತ್ತಿದ್ದರಿಂದ ಬೆಲೆ ಇಳಿಯಿತು, ಗುಮಾಸ್ತರು ಸಿಪಾಯಿಗಳೂ ಸ್ಟುಡಿಯೋ ಹತ್ತಿದರು. ಈಕೆಯ ಲಂಗದ ಅಂಚಿನ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಕಾಲು ಇಣುಕುತ್ತದೆ. ತಲೆ ಅಲುಗದಿರಲಿ ಅಂತ ಕತ್ತಿನ ಹಿಂದೆ ಕೊಡುತ್ತಿದ್ದ ಆಸರೆ ಅದು.

ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು ಬಳ್ಳಿ ಚಿತ್ತಾರದ ನಡುವೆ ಮೆರೆಯುತ್ತಿದೆ. ಕೆಳಗೆ ಎರಡು ಸೆಂಟಿನ ರೆವಿನ್ಯೂ ಸ್ಟಾಂಪು, ಮೇಲೊಂದು ಶಾಯಿಯ ಗೀಟು. ಅಮೆರಿಕದ ಅಂತರ್ಯುದ್ಧದ ಖರ್ಚಿಗೆ ಇಲ್ಲಿನ ಸರ್ಕಾರ ಫೋಟೋಗಳ ಮೇಲೂ ತೆರಿಗೆ ಹಾಕಿತ್ತು, 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್‌ವರೆಗೆ. ಹಾಗಾಗಿ ಕಾಲ ತಿಳಿಯಿತು. ಆಕೆಯ ಹೆಸರು ಮಾತ್ರ ಎಲ್ಲೂ ಇಲ್ಲ.

ನನಗೆ ಸಿಟ್ಟೇ ಬಂತು. ಮುತ್ತಜ್ಜಿಯನ್ನು ಸಂತೇಲಿ ಮಾರ್ತಾರಾ? ನಮ್ಮಲ್ಲಿ ಹಿರಿಯರ ಫೋಟೋ ಪಡಸಾಲೆಯ ಗೋಡೆ ಮೇಲಿರುತ್ತೆ, ಗಾಜಿಗೆ ಕುಂಕುಮ ಇಟ್ಟು ಹಬ್ಬಕ್ಕೆ ಹಾರ ಹಾಕ್ತೀವಿ. ಅದೇ ಬಿಸಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ನಮ್ಮನೆ ಬಾಗಿಲ ಮೇಲಿನ ಫೋಟೋದಲ್ಲಿರೋ ಅಜ್ಜಿ ಹೆಸರೇನು?"

"ನಿಮ್ಮಪ್ಪನ ಅಜ್ಜಿ ಕಣೋ. ಎಲ್ರೂ ದೊಡ್ಡಮ್ಮ ಅಂತಿದ್ರು."

"ಹೆಸರು?"

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ದೊಡ್ಡೋರನ್ನ ಹೆಸರು ಹಿಡಿದು ಯಾರು ಕರೀತಿದ್ರು?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ನಾವು ಸಂಬಂಧ ಕಾಪಾಡಿಕೊಂಡಿದ್ದೇವೆ, ಅದು ದೊಡ್ಡದೇ. ಆದರೆ ಹೆಸರನ್ನು ನಾವೂ ಬಿಟ್ಟಿದ್ದೇವೆ, ಅದರಲ್ಲೂ ಹೆಂಗಸರದ್ದು ಜಾಸ್ತಿ. ಇಲ್ಲಿಯವರದ್ದು ಒಂದು ಅಭ್ಯಾಸ ನನಗೆ ತುಂಬ ಹಿಡಿಸಿದೆ. ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಹೆಸರು ಸಿಕ್ಕರೆ ಸಾಕು, ಯಾರೋ ಅದನ್ನು ಕೊಂಡು, ಜನಗಣತಿಯ ಹಳೇ ಪುಟಗಳಲ್ಲಿ ಹುಡುಕಿ, ಆ ವಂಶದವರಿಗೆ ತಲುಪಿಸುತ್ತಾರೆ. ತಮ್ಮವರಲ್ಲದಿದ್ದರೂ!

ದೊಡ್ಡಮ್ಮನ ಕೊನೇ ಮಗಳು, ಅಪ್ಪನ ಸೋದರತ್ತೆ, ಹೊಳಲ್ಕೆರೆಯಲ್ಲಿದ್ದಾರೆ. ತೊಂಬತ್ತು ದಾಟಿದೆ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮೊದಲು ಅವರ ಮನೆಗೇ ಹೋಗುತ್ತೇನೆ, ಆ ಫ್ರೇಮನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಂಡು.