ಹೆದರುವ ನಾಯಕ: ಅಮೆರಿಕದ ಟಿವಿ ಬರಹಗಾರ ರಾಯ್ ಹಗಿನ್ಸ್ ಬರೆದದ್ದು ನಿಜಕ್ಕೂ ಹೊಸದಾ?

ಪರ

'ದಿ ರಾಕ್‌ಫರ್ಡ್ ಫೈಲ್ಸ್' ಧಾರಾವಾಹಿಯ ನಾಯಕ ರಾಕ್‌ಫರ್ಡ್ ಪಿಸ್ತೂಲು ಇಡುವುದು ಸೊಂಟದಲ್ಲಲ್ಲ, ಅಡುಗೆಮನೆಯ ಬಿಸ್ಕತ್ ಡಬ್ಬಿಯಲ್ಲಿ. ಮನೆ ಅಂದರೆ ಮಾಲಿಬು ಕಡಲತೀರದಲ್ಲಿ ನಿಲ್ಲಿಸಿದ ಒಂದು ಟ್ರೇಲರ್. ಮಾಡದ ತಪ್ಪಿಗೆ ಜೈಲು ಕಂಡು ಬಂದ ಪತ್ತೇದಾರ ಅವನು. ದಿನಕ್ಕೆ 200 ಡಾಲರ್, ಖರ್ಚು ಬೇರೆ ಅಂತ ರೇಟು ಹೇಳುತ್ತಾನೆ. ಆ ದುಡ್ಡು ಎಷ್ಟೋ ಸಲ ಕೈಗೇ ಬರುವುದಿಲ್ಲ. 1974ರಲ್ಲಿ ಸ್ಟೀಫನ್ ಕ್ಯಾನೆಲ್ ಜೊತೆ ಸೇರಿ ಹಗಿನ್ಸ್ ಇವನನ್ನು ಅಮೆರಿಕದ ಟಿವಿಗೆ ತಂದರು.

ಹಗಿನ್ಸ್‌ಗೆ ಇದು ಹಳೇ ಅಭ್ಯಾಸ. 1957ರಲ್ಲಿ ಟಿವಿ ತುಂಬ ಕೌಬಾಯ್‌ಗಳು ಗುಂಡು ಹಾರಿಸುತ್ತಿದ್ದಾಗಲೇ 'ಮ್ಯಾವರಿಕ್' ಶುರು ಮಾಡಿದ್ದರು. ಅದರ ನಾಯಕ ಇಸ್ಪೀಟ್ ಆಡಿ ಬದುಕುವವನು. ಕೋಟಿನ ಒಳಗೆ ಸಾವಿರ ಡಾಲರ್ ನೋಟೊಂದನ್ನು ಪಿನ್ ಹಾಕಿ ಇಟ್ಟುಕೊಂಡಿರುತ್ತಾನೆ. ಜಗಳ ಬಂತು ಅಂದರೆ ಜಾಗ ಖಾಲಿ ಮಾಡುವ ದಾರಿ ಹುಡುಕುತ್ತಾನೆ. ನನಗೆ ಅವನ ಮೇಲೆ ನಂಬಿಕೆ ಹುಟ್ಟುವುದು ಅಲ್ಲೇ. ಜೀವದ ಮೇಲೆ ಆಸೆ ಇರುವವನು ಕೊನೆಗೆ ಯಾರದೋ ಪರವಾಗಿ ನಿಂತರೆ ಅದಕ್ಕೆ ಬೆಲೆ ಜಾಸ್ತಿ. ಭಯವೇ ಗೊತ್ತಿಲ್ಲದವನು ನಿಂತರೆ ಏನು ದೊಡ್ಡದು, ಅಲ್ವಾ?

ವಿರೋಧ

ನನ್ನ ತಕರಾರು ಇರುವುದೇ ಅಲ್ಲಿ. ಕೊನೆಗೆ ಅವನು ನಿಂತೇ ನಿಲ್ಲುತ್ತಾನೆ, ಪ್ರತಿ ವಾರ.

ಹಗಿನ್ಸ್ ಕಲ್ಪನೆಯಲ್ಲಿ ಹುಟ್ಟಿದ 'ದಿ ಫ್ಯುಗಿಟಿವ್' ನೋಡಿ. 1963ರಿಂದ 1967ರವರೆಗೆ 120 ಕಂತು. ಹೆಂಡತಿಯನ್ನು ಕೊಂದ ಎಂದು ಮರಣದಂಡನೆ ಪಡೆದ ಡಾ. ಕಿಂಬಲ್ ತಪ್ಪಿಸಿಕೊಂಡು ಊರೂರು ಅಲೆಯುತ್ತಾನೆ. ಕೂದಲಿಗೆ ಬಣ್ಣ, ದಿನಕ್ಕೊಂದು ಹೆಸರು, ಸಿಕ್ಕ ಕೂಲಿ. ಆದರೂ ಹೋದಲ್ಲೆಲ್ಲ ಯಾರನ್ನಾದರೂ ಕಾಪಾಡುತ್ತಾನೆ, ಸಿಕ್ಕಿಬೀಳುತ್ತೇನೆ ಅಂತ ಗೊತ್ತಿದ್ದರೂ. ಇವನು ಅದೇ ಹಳೇ ವೀರ, ಬಟ್ಟೆ ಮಾತ್ರ ಹರಿದಿದೆ. ಸತ್ತ ಹೆಂಡತಿ ಹೆಲೆನ್ ಯಾರು, ಹೇಗಿದ್ದಳು ಅಂತ ನಮಗೆ ತಿಳಿಯುವುದು ತೀರಾ ಕಮ್ಮಿ. ನೆನಪಿನಲ್ಲಿ ಉಳಿಯುವವರು ಓಡುವ ಗಂಡ, ಬೆನ್ನಟ್ಟುವ ಪೊಲೀಸ್, ಒಂಟಿಗೈಯ ನಿಜವಾದ ಕೊಲೆಗಾರ.

1967ರ ಆಗಸ್ಟ್ 29ರಂದು ಕೊನೆಯ ಕಂತು ಬಂತು. ಆ ಹೊತ್ತಿನಲ್ಲಿ ಅಮೆರಿಕದಲ್ಲಿ ಟಿವಿ ಹಾಕಿದ್ದ 100 ಮನೆಗಳಲ್ಲಿ 72 ಮನೆಯವರು ನೋಡಿದ್ದು ಅದನ್ನೇ. ಕೊಲೆಯನ್ನು ಕಣ್ಣಾರೆ ಕಂಡ ನೆರೆಯವನೊಬ್ಬ ಇದ್ದ ಅನ್ನುವುದು ಆಗ ಗೊತ್ತಾಗುತ್ತದೆ. ಊರಿಗೆಲ್ಲ ಅವನು ಯುದ್ಧವೀರ. ಅವತ್ತು ಮೆಟ್ಟಿಲ ಮೇಲೆ ಹೆದರಿ ಕಲ್ಲಾಗಿ ನಿಂತುಬಿಟ್ಟಿದ್ದ. ಆಮೇಲೂ ಬಾಯಿ ಬಿಡಲಿಲ್ಲ.

ಹೆದರಿದವನನ್ನೇ ನಾಯಕ ಮಾಡುವುದಾದರೆ ನನಗೆ ಅವನ ಕಥೆ ಬೇಕಿತ್ತು. ಅವನು ಬಂದದ್ದೇ ಕೊನೆಗೆ.