ಮೂತ್ರ ಸೋರಿಕೆಯ ಆಪರೇಷನ್: ಓಡಾಡುತ್ತಿರುವ ಮೆಸೇಜಿಗೆ ಸ್ಪಷ್ಟನೆ

ತೀರ್ಥಹಳ್ಳಿ, ಸಾಗರದ ಕಡೆಯ ಮಹಿಳಾ ಸಂಘಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. 'ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಹಾಕುವ ಟೇಪನ್ನು ಅಮೆರಿಕ 2019ರಲ್ಲಿ ನಿಷೇಧಿಸಿದೆ, ಹಾಕಿಸಿಕೊಂಡವರು ಕೂಡಲೇ ತೆಗೆಸಿ' ಅಂತ. ಇದು ತಪ್ಪು.

2019ರ ಏಪ್ರಿಲ್‌ನಲ್ಲಿ ಅಲ್ಲಿನ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಮಾರಾಟ ನಿಲ್ಲಿಸಿದ್ದು ಗರ್ಭಕೋಶ, ಮೂತ್ರಕೋಶ ಜಾರಿದಾಗ ಯೋನಿಯ ಮೂಲಕ ಹಾಕುವ ಅಗಲದ ಮೆಶ್, ಅಂದರೆ ಬಲೆಯಂಥ ತುಂಡು. ಸೋರಿಕೆಗೆ ಹಾಕುವುದು ಮೂತ್ರನಾಳದ ಕೆಳಗೆ ಕೂರುವ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ. ಆ ಆದೇಶ ಇದಕ್ಕಲ್ಲ. ಮೆಸೇಜಿನ ಫೋಟೋದಲ್ಲಿರುವುದು ಅಂಗೈಯಗಲದ ಮೆಶ್, ನೋಡಿದರೇ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ 2018ರ ಜುಲೈನಲ್ಲಿ ಟೇಪಿಗೂ ತಡೆ ಬಿತ್ತು, ಅದು ಬೇರೆ ವಿಷಯ.

ಹಾಗಂತ ತೊಂದರೆಯೇ ಇಲ್ಲ ಅಂತಲ್ಲ. ಆಪರೇಷನ್ ಆದಮೇಲೆ ಕೆಲವರಿಗೆ ಮೂತ್ರ ಕಟ್ಟುತ್ತದೆ, ಉರಿ ಬರುತ್ತದೆ, ಅವಸರ ಜಾಸ್ತಿಯಾಗುತ್ತದೆ. ಟೇಪಿನ ಅಂಚು ಯೋನಿಯೊಳಗೆ ಹೊರಚಾಚಿ ರಕ್ತ, ನೋವು ಕಾಣಿಸುವುದೂ ಉಂಟು, ಎಷ್ಟೋ ವರ್ಷದ ನಂತರವೂ. ಇಂಥದ್ದಿದ್ದರೆ ನಾಚಿಕೆ ಬಿಟ್ಟು ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ. ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಆರಾಮಾಗಿರುವವರು ಸುಮ್ನೆ ಹೆದರಿ ತೆಗೆಸಬೇಕಿಲ್ಲ. ತೆಗೆಯುವುದು ಹಾಕುವುದಕ್ಕಿಂತ ಕಷ್ಟದ ಆಪರೇಷನ್, ಸೋರಿಕೆ ಮತ್ತೆ ಶುರುವಾಗಲೂಬಹುದು.

ಆ ಮೆಸೇಜು ನಿಮ್ಮ ಗ್ರೂಪಿಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.